ಚಿಪ್‌ ಯಾವುದು ಎನ್ನುವ ಮೊದಲು ಗಡಿಯಾರ ಎಷ್ಟು ಎಂದು ಕೇಳಿ

ಹಳೆಯ ಕಾಲದ ಒಳ್ಳೆಯ ಸ್ಪೀಕರ್‌ ಪೆಟ್ಟಿಗೆಯೊಂದರ ವೂಫರ್‌ ತಿರುಪುಗಳನ್ನು ಬಿಚ್ಚಿ ಒಳಗೆ ಟಾರ್ಚು ಹಾಯಿಸಿದರೆ, ಹತ್ತಿಯ ಹಾಸಿನ ಹಿಂದೆ ಅಂಗೈ ಅಗಲದ ಒಂದು ಹಲಗೆ ಕಾಣುತ್ತದೆ. ಅದರ ಮೇಲೆ ತಾಮ್ರದ ತಂತಿ ಸುತ್ತಿದ ಒಂದೆರಡು ಕಾಯಿಲ್‌, ನಾಲ್ಕಾರು ಕೆಪಾಸಿಟರ್‌, ಬಿಳಿ ಸಿಮೆಂಟಿನ ರೆಸಿಸ್ಟರ್‌. ಇದೇ ಕ್ರಾಸ್‌ಓವರ್‌. ಆಂಪ್ಲಿಫೈಯರ್‌ನಿಂದ ಹರಿದು ಬಂದ ಸದ್ದಿನಲ್ಲಿ ತಗ್ಗಿನ ಕಂಪನಗಳನ್ನು ವೂಫರ್‌ಗೂ ಮೇಲಿನ ಕಂಪನಗಳನ್ನು ಟ್ವೀಟರ್‌ಗೂ ಬಿಡುವ ತೂಬು ಅದು.

ಮನುಷ್ಯನ ಕಿವಿಗೆ ಕೇಳುವ ಸದ್ದು ಸುಮಾರು 20 ಹರ್ಟ್ಜ್‌ನಿಂದ 20,000 ಹರ್ಟ್ಜ್‌ವರೆಗೆ ಹಬ್ಬಿದೆ. ಗಾಳಿಯಲ್ಲಿ ಮೊದಲನೆಯದರ ತರಂಗ 17 ಮೀಟರ್‌ ಉದ್ದ, ಕೊನೆಯದರದು ಎರಡು ಸೆಂಟಿಮೀಟರ್‌ ಕೂಡ ಇಲ್ಲ. ಒಂದೇ ಕಾಗದದ ಕೋನ್‌ ಎರಡನ್ನೂ ಸರಿಯಾಗಿ ನುಡಿಸಲಾರದು. ಆದ್ದರಿಂದ ಕೆಲಸ ಹಂಚಲೇಬೇಕು, ಹಂಚಿದ್ದು ಮತ್ತೆ ಕಿವಿಯ ಹತ್ತಿರ ಒಂದಾಗಿ ಕೂಡಲೇಬೇಕು. ಸ್ಪೀಕರ್‌ ಕಟ್ಟುವ ವಿದ್ಯೆಯ ಅರ್ಧ ಕಷ್ಟ ಈ ಕೂಡುವಿಕೆಯಲ್ಲಿದೆ.

ಪೆಟ್ಟಿಗೆಯೊಳಗಿನ ಹಲಗೆಗೆ ಕೆಲವು ಮಿತಿಗಳಿವೆ. ಅದು ಆಂಪ್ಲಿಫೈಯರ್‌ ಆದಮೇಲೆ ಕೂತಿರುವುದರಿಂದ ಕಾಯಿಲ್‌, ರೆಸಿಸ್ಟರ್‌ಗಳು ಶಕ್ತಿಯನ್ನು ಬಿಸಿಯಾಗಿ ಕಳೆಯುತ್ತವೆ. ವೂಫರ್‌ನ ವಿದ್ಯುತ್‌ ತಡೆ ಕಂಪನಾಂಕ ಬದಲಾದಂತೆ ಏರಿಳಿಯುವುದರಿಂದ ಲೆಕ್ಕ ಹಾಕಿದ ಫಿಲ್ಟರ್‌ ಬೇರೆ, ಕೈಗೆ ಸಿಗುವ ಫಿಲ್ಟರ್‌ ಬೇರೆ. ಹಂಚುವ ಜಾಗವನ್ನು 2,000 ಹರ್ಟ್ಜ್‌ನಿಂದ 2,200ಕ್ಕೆ ಸರಿಸಬೇಕೆಂದರೆ ಬೆಸುಗೆ ಕಾಯಿಸಿ ಬಿಡಿಭಾಗ ಬದಲಿಸಬೇಕು. ಅದೇ ಕೆಲಸವನ್ನು ಕಂಪ್ಯೂಟರ್‌ಗೆ ವಹಿಸಿದರೆ ಸಂಗೀತ ಇನ್ನೂ ಅಂಕಿಗಳಾಗಿದ್ದಾಗಲೇ ಅದನ್ನು ಭಾಗ ಮಾಡಬಹುದು. ಪ್ರತಿ ಭಾಗಕ್ಕೂ ಪ್ರತ್ಯೇಕ ಔಟ್‌ಪುಟ್‌, ಪ್ರತ್ಯೇಕ ಆಂಪ್ಲಿಫೈಯರ್‌, ನಡುವೆ ಏನೂ ಇಲ್ಲದೆ ನೇರವಾಗಿ ವೂಫರ್‌ ಅಥವಾ ಟ್ವೀಟರ್‌. ಸರಿಸುವುದೆಂದರೆ ಒಂದು ಅಂಕಿ ತಿದ್ದಿ ಉಳಿಸುವುದಷ್ಟೇ.

ಸ್ವಂತ ಕೈಯಿಂದ ಸ್ಪೀಕರ್‌ ಕಟ್ಟುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇತ್ತೀಚಿನ ದಶಕಗಳಲ್ಲಿ ಸಿಕ್ಕಿಲ್ಲ. ಬೇಕಾದ ತಂತ್ರಾಂಶದ ಬಹುಪಾಲು ಉಚಿತ. ಆದರೆ ಈ ದಾರಿಗೆ ಬಂದವರಲ್ಲಿ ಅನೇಕರು ಹಣವನ್ನೂ ತಲೆಯನ್ನೂ ಖರ್ಚು ಮಾಡುವ ಜಾಗ ತಪ್ಪಾಗಿದೆ. ಕಂಪ್ಯೂಟರ್‌ನ ಅಂಕಿಗಳನ್ನು ಆಂಪ್ಲಿಫೈಯರ್‌ಗೆ ಬೇಕಾದ ವಿದ್ಯುತ್ತಾಗಿಸುವ ಇಂಟರ್‌ಫೇಸ್‌ ಕೊಳ್ಳುವಾಗ ಅದರೊಳಗಿನ ಚಿಪ್ಪಿನ ಹೆಸರು, ಫಿಲ್ಟರ್‌ ಆರಿಸುವಾಗ ಟ್ಯಾಪ್‌ಗಳ, ಅಂದರೆ ಅದರೊಳಗಿನ ಗುಣಕಗಳ, ಲೆಕ್ಕ, ಇವೆರಡರ ಸುತ್ತಲೇ ಚರ್ಚೆ. ಎರಡೂ ಕೊನೆಗೆ ನೋಡಬೇಕಾದ ಸಂಗತಿಗಳು.

ಇಂಟರ್‌ಫೇಸ್‌ನ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗುವುದು 192 ಕಿಲೋಹರ್ಟ್ಜ್‌, 32 ಬಿಟ್‌, 120 ಡೆಸಿಬಲ್‌ ಎಂಬ ಅಂಕಿಗಳು. ಅವು ಸುಳ್ಳಲ್ಲ. ಆದರೆ ರಾತ್ರಿಯ ಶಾಂತ ಕೋಣೆಯಲ್ಲೂ ಸುಮಾರು 30 ಡೆಸಿಬಲ್‌ ಗದ್ದಲ ಇದ್ದೇ ಇರುತ್ತದೆ. ಸಾಧಾರಣ ಬೆಲೆಯ ಇಂಟರ್‌ಫೇಸ್‌ನ ವಿಕೃತಿ ಶೇ 0.01ರೊಳಗಿದ್ದರೆ ಅದಕ್ಕೆ ಜೋಡಿಸಿದ ವೂಫರ್‌ ಜೋರು ಸದ್ದಿನಲ್ಲಿ ಶೇ 1ರ ಹತ್ತಿರ ಹೋಗುವುದು ಸಾಮಾನ್ಯ. 48 ಕಿಲೋಹರ್ಟ್ಜ್‌ ವೇಗದಲ್ಲಿ ಮಾದರಿ ತೆಗೆದರೆ ಕಿವಿಯ ಮಿತಿಯಾಚೆಗಿನ 24,000 ಹರ್ಟ್ಜ್‌ವರೆಗೂ ಹಿಡಿಯಬಹುದು. ಹಾಗಾಗಿ 110 ಡೆಸಿಬಲ್‌ನ ಪೆಟ್ಟಿಗೆ ಬಿಟ್ಟು 120ರದನ್ನು ತಂದರೆ ಆ ವ್ಯತ್ಯಾಸ ಕಿವಿಗೆ ತಲುಪುವುದು ತೀರಾ ಅಪರೂಪ.

ಕಿವಿಗೆ ತಲುಪುವುದು ಗಡಿಯಾರದ ವ್ಯತ್ಯಾಸ.

ಪ್ರತಿ ಸೌಂಡ್‌ ಕಾರ್ಡಿನೊಳಗೂ ಒಂದು ಸ್ಫಟಿಕದ ಗಡಿಯಾರವಿದೆ. ಸೆಕೆಂಡಿಗೆ 48,000 ಅಂಕಿಗಳನ್ನು ಹೊರಬಿಡುವ ಲಯ ಅದರದು. ಮನೆಯಲ್ಲಿರುವ ಎರಡು ಅಗ್ಗದ ಯುಎಸ್‌ಬಿ ಕಾರ್ಡುಗಳನ್ನು ಕಂಪ್ಯೂಟರ್‌ಗೆ ಚುಚ್ಚಿ, ಒಂದಕ್ಕೆ ವೂಫರ್‌, ಇನ್ನೊಂದಕ್ಕೆ ಟ್ವೀಟರ್‌ ಕೊಟ್ಟರೆ ನಾಲ್ಕು ಔಟ್‌ಪುಟ್‌ ಆಯಿತಲ್ಲ ಎಂದು ಅನೇಕರು ಯೋಚಿಸುತ್ತಾರೆ. ಎರಡು ಗಡಿಯಾರಗಳ ನಡುವೆ ಹತ್ತು ಲಕ್ಷಕ್ಕೆ ಹತ್ತರಷ್ಟು ಅಂತರವಿದೆ ಎಂದುಕೊಳ್ಳೋಣ. ಅಗ್ಗದ ಸ್ಫಟಿಕಗಳಲ್ಲಿ ಇದು ದೊಡ್ಡ ಅಂತರವೇನಲ್ಲ. ಆಗ ಪ್ರತಿ ಸೆಕೆಂಡಿಗೆ 10 ಮೈಕ್ರೋಸೆಕೆಂಡಿನಷ್ಟು ಒಂದು ಕಾರ್ಡು ಇನ್ನೊಂದರಿಂದ ಹಿಂದೆ ಬೀಳುತ್ತದೆ. 2,000 ಹರ್ಟ್ಜ್‌ನ ಒಂದು ಕಂಪನಕ್ಕೆ 500 ಮೈಕ್ರೋಸೆಕೆಂಡು ಬೇಕು, ಅದರ ಅರ್ಧ 250. ಅಂದರೆ ಹಾಡು ಶುರುವಾದ 25ನೇ ಸೆಕೆಂಡಿಗೆ ವೂಫರ್‌ ಮುಂದೆ ಬರುವಾಗ ಟ್ವೀಟರ್‌ ಹಿಂದೆ ಸರಿಯುತ್ತಿರುತ್ತದೆ. ಎರಡೂ ಕೂಡಬೇಕಾದ ಜಾಗದಲ್ಲಿ ಒಂದನ್ನೊಂದು ಅಳಿಸುತ್ತವೆ. ಇನ್ನೊಂದು 25 ಸೆಕೆಂಡಿಗೆ ಮತ್ತೆ ಕೂಡುತ್ತವೆ, ಮತ್ತೆ ಅಳಿಸುತ್ತವೆ. ಗಂಟೆಯೊಂದು ಕಳೆಯುವಷ್ಟರಲ್ಲಿ ಅಂತರ 36 ಮಿಲಿಸೆಕೆಂಡಿಗೆ ಬೆಳೆಯುತ್ತದೆ. ಈ ಜೋಡಣೆಯನ್ನು ಎಷ್ಟು ಚೆನ್ನಾಗಿ ಟ್ಯೂನ್‌ ಮಾಡಿದರೂ ಅದು ಮರುನಿಮಿಷಕ್ಕೆ ನಿಲ್ಲುವುದಿಲ್ಲ. ಎರಡು ಕಾರ್ಡುಗಳನ್ನು ಒಂದರ ಲಯಕ್ಕೆ ಇನ್ನೊಂದನ್ನು ಹೊಂದಿಸಿ ನಡೆಸುವ ತಂತ್ರಾಂಶಗಳು ಇವೆ. ಮ್ಯಾಕ್‌ನಲ್ಲಿ ಆ ಸೌಲಭ್ಯ ಸಿದ್ಧವಾಗಿಯೇ ಸಿಗುತ್ತದೆ. ಆದರೆ ಕ್ರಾಸ್‌ಓವರ್‌ನ ನಿಖರತೆ ಬೇಕಾದ ಕಡೆ ಅದನ್ನು ನಂಬಿ ಕೂರುವುದಕ್ಕಿಂತ ಎಲ್ಲ ಔಟ್‌ಪುಟ್‌ಗಳೂ ಒಂದೇ ಪೆಟ್ಟಿಗೆಯಲ್ಲಿ, ಒಂದೇ ಗಡಿಯಾರದ ಕೆಳಗೆ ಇರುವುದು ಮೇಲು.

ಎರಡನೆಯ ಪ್ರಶ್ನೆ ಔಟ್‌ಪುಟ್‌ಗಳ ಲೆಕ್ಕ. ಎಡ ಬಲ ಎರಡೂ ಬದಿಗೆ ವೂಫರ್‌, ಟ್ವೀಟರ್‌ ಇದ್ದರೆ ನಾಲ್ಕು ಬೇಕು. ನಡುವೆ ಮಿಡ್‌ರೇಂಜ್‌ ಸೇರಿದರೆ ಆರು, ಸಬ್‌ವೂಫರ್‌ ಜೋಡಿ ಬಂದರೆ ಎಂಟು. ಇಲ್ಲಿ ಹೆಸರು ನೋಡಿ ಮೋಸ ಹೋಗಬಾರದು. ಫೋಕಸ್‌ರೈಟ್‌ನ ಸ್ಕಾರ್ಲೆಟ್‌ 18ಐ20 ಎಂದರೆ 20 ಔಟ್‌ಪುಟ್‌ ಎಂದು ಓದಿಕೊಳ್ಳುತ್ತಾರೆ. ಅದರಲ್ಲಿ ಆಂಪ್ಲಿಫೈಯರ್‌ಗೆ ನೇರವಾಗಿ ಜೋಡಿಸಬಹುದಾದ ಅನಲಾಗ್‌ ಲೈನ್‌ ಔಟ್‌ಪುಟ್‌ಗಳು 10, ಉಳಿದವು ಡಿಜಿಟಲ್‌. ಬೆರಿಂಜರ್‌ನ ಯುಎಂಸಿ1820ರದೂ ಇದೇ ಲೆಕ್ಕ. ಮೋಟುವಿನ ಅಲ್ಟ್ರಾಲೈಟ್‌ ಎಂಕೆ5ರಲ್ಲೂ 10 ಲೈನ್‌ ಔಟ್‌ಪುಟ್‌ಗಳಿವೆ. ಎರಡು ಭಾಗದ ಸ್ಪೀಕರ್‌ಗೆ ಇಷ್ಟು ದೊಡ್ಡದು ಬೇಡವೆಂದರೆ ನಾಲ್ಕು ಔಟ್‌ಪುಟ್‌ನ ಯುಎಂಸಿ404ಎಚ್‌ಡಿ ಸಾಕಾಗುತ್ತದೆ. ಟಾಪಿಂಗ್‌ ಡಿಎಂ7ನಂತಹ ಎಂಟು ಚಾನೆಲ್‌ನ ಪೆಟ್ಟಿಗೆಗಳು ಸಂಗೀತ ಕೇಳುವವರಿಗೆಂದೇ ಬಂದಿವೆ. ಅವುಗಳಲ್ಲಿ ಮೈಕ್‌ ಚುಚ್ಚುವ ಜಾಗ ಇಲ್ಲ ಎಂಬುದು ನೆನಪಿರಲಿ, ಅದು ಏಕೆ ಮುಖ್ಯ ಎಂಬುದು ಮುಂದೆ ಬರುತ್ತದೆ.

ಮೂರನೆಯದು ವಾಲ್ಯೂಮ್‌. ಇದನ್ನು ಕೊಂಡಮೇಲೆ ಯೋಚಿಸುವವರೇ ಹೆಚ್ಚು. ಬಹಳಷ್ಟು ಇಂಟರ್‌ಫೇಸ್‌ಗಳ ಮುಂಭಾಗದ ದೊಡ್ಡ ಗುಂಡಿ ಮೊದಲ ಎರಡು ಔಟ್‌ಪುಟ್‌ಗಳನ್ನಷ್ಟೇ ತಿರುಗಿಸುತ್ತದೆ. ಕ್ರಾಸ್‌ಓವರ್‌ನಲ್ಲಿ ಆ ಎರಡು ವೂಫರ್‌ಗಳಾದರೆ, ಗುಂಡಿ ತಗ್ಗಿಸಿದಾಗ ವೂಫರ್‌ ಮಾತ್ರ ತಗ್ಗಿ ಟ್ವೀಟರ್‌ ಕಿರುಚುತ್ತಲೇ ಇರುತ್ತದೆ. ನಾಲ್ಕೋ ಎಂಟೋ ಔಟ್‌ಪುಟ್‌ಗಳು ಒಂದೇ ಪ್ರಮಾಣದಲ್ಲಿ ಏರಿಳಿಯುವಂತೆ ಮಾಡುವ ವ್ಯವಸ್ಥೆ ಆ ಪೆಟ್ಟಿಗೆಯಲ್ಲೇ ಇದೆಯೇ ಎಂದು ಕೈಪಿಡಿ ತೆರೆದು ನೋಡಿಯೇ ದುಡ್ಡು ಕೊಡಬೇಕು. ಇಲ್ಲದಿದ್ದರೆ ತಂತ್ರಾಂಶದ ವಾಲ್ಯೂಮ್‌ ಬಳಸಬೇಕಾಗುತ್ತದೆ. ಆರು ಡೆಸಿಬಲ್‌ ತಗ್ಗಿಸಿದಂತೆಲ್ಲ ಒಂದು ಬಿಟ್‌ ಹೋಗುತ್ತದೆ ಎಂಬ ಹೆದರಿಕೆ 24 ಬಿಟ್‌ನಲ್ಲಿ ದೊಡ್ಡದಲ್ಲ, 30 ಡೆಸಿಬಲ್‌ ಇಳಿಸಿದರೂ 19 ಬಿಟ್‌ ಉಳಿಯುತ್ತದೆ. ನಿಜವಾದ ಅಪಾಯ ಬೇರೆ. ತಂತ್ರಾಂಶ ಕುಸಿದು ಮತ್ತೆ ಎದ್ದಾಗ ವಾಲ್ಯೂಮ್‌ ಪೂರ್ತಿಗೆ ಹೋಗಿದ್ದರೆ, ಮುಂದಿನ ಸ್ವರ ಟ್ವೀಟರ್‌ನ ಕೊನೆಯ ಸ್ವರವಾಗಬಹುದು.

ಇದೇ ಮಾತಿನಲ್ಲಿ ಹಳೆಯ ಹೋಂ ಥಿಯೇಟರ್‌ ರಿಸೀವರ್‌ಗಳ ಪರವಾಗಿ ವಕಾಲತ್ತು ವಹಿಸಲೇಬೇಕು. ಎಚ್‌ಡಿಎಂಐ ತಂತಿಯೊಂದರಲ್ಲಿ ಎಂಟು ಚಾನೆಲ್‌ ಡಿಜಿಟಲ್‌ ಸದ್ದು ಹೋಗುತ್ತದೆ. ಅದನ್ನು ಸ್ವೀಕರಿಸುವ ರಿಸೀವರ್‌ನಲ್ಲಿ ಒಂದೇ ಗಡಿಯಾರ, ಐದೋ ಏಳೋ ಆಂಪ್ಲಿಫೈಯರ್‌, ಎಲ್ಲ ಚಾನೆಲ್‌ಗಳನ್ನೂ ಒಟ್ಟಿಗೆ ತಿರುಗಿಸುವ ಒಂದೇ ಗುಂಡಿ ಸಿದ್ಧವಾಗಿರುತ್ತವೆ. ಅದರದೇ ಬಾಸ್‌ ಹೊಂದಾಣಿಕೆ, ಕೋಣೆಯ ತಿದ್ದುಪಡಿ ಎಲ್ಲವನ್ನೂ ನಿಲ್ಲಿಸಿ ಎಲ್ಲ ಸ್ಪೀಕರ್‌ಗಳನ್ನೂ 'ಲಾರ್ಜ್‌' ಎಂದು ಇಟ್ಟರೆ ಕಂಪ್ಯೂಟರ್‌ ಹಂಚಿ ಕೊಟ್ಟದ್ದನ್ನು ಹಾಗೇ ನುಡಿಸುತ್ತದೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಎಷ್ಟೋ ಮನೆಗಳಲ್ಲಿ ಸೌಂಡ್‌ಬಾರ್‌ ಬಂದ ಮೇಲೆ ಇಂತಹ ರಿಸೀವರ್‌ಗಳು ಅಟ್ಟ ಸೇರಿವೆ. ಆಮದಾದ ಇಂಟರ್‌ಫೇಸ್‌ಗೂ ನಾಲ್ಕು ಆಂಪ್ಲಿಫೈಯರ್‌ಗಳಿಗೂ ಸುಂಕ, ಜಿಎಸ್‌ಟಿ ಕೂಡಿಸಿ ಹಣ ಸುರಿಯುವ ಮುನ್ನ ಅಟ್ಟದ ಕಡೆ ನೋಡುವುದರಲ್ಲಿ ಯಾವ ಕೀಳೂ ಇಲ್ಲ.

ಇಂಟರ್‌ಫೇಸನ್ನೇ ಕೊಂಡವರಿಗೆ ಮುಂದಿನ ತೊಡಕು ಮಟ್ಟದ್ದು. ಸ್ಟುಡಿಯೋ ಇಂಟರ್‌ಫೇಸ್‌ ಪೂರ್ತಿ ಏರಿಸಿದಾಗ ಹೊರಬಿಡುವ ವೋಲ್ಟೇಜ್‌ ಕೆಲವು ಮಾದರಿಗಳಲ್ಲಿ 7.75 ವೋಲ್ಟ್‌ವರೆಗೂ ಹೋಗುತ್ತದೆ. ಮನೆಯ ಆಂಪ್ಲಿಫೈಯರ್‌ ಒಂದೂವರೆ ವೋಲ್ಟ್‌ನಲ್ಲೇ ತನ್ನೆಲ್ಲ ಶಕ್ತಿ ತೋರಿಸಿಬಿಡುತ್ತದೆ. ಈ 14 ಡೆಸಿಬಲ್‌ ಅಂತರವನ್ನು ತಂತ್ರಾಂಶದಲ್ಲಿ ತಗ್ಗಿಸಿದರೆ ಸಂಗೀತ ಮಾತ್ರ ತಗ್ಗುತ್ತದೆ, ಇಂಟರ್‌ಫೇಸ್‌ನ ಸ್ವಂತ ಗದ್ದಲ ಇದ್ದಲ್ಲೇ ಇರುತ್ತದೆ. ಸಾಮಾನ್ಯ ಗುಮ್ಮಟದ ಟ್ವೀಟರ್‌ನಲ್ಲಿ ಅದು ಕೇಳದೇ ಹೋಗಬಹುದು. ಹಾರ್ನ್‌ ಕಟ್ಟಿದ, ಒಂದು ವಾಟ್‌ಗೆ 105 ಡೆಸಿಬಲ್‌ ಕೊಡುವ ಟ್ವೀಟರ್‌ ಆದರೆ ಹಾಡು ನಿಂತಾಗ 'ಸ್‌ಸ್‌' ಎಂಬ ಸದ್ದು ಕುರ್ಚಿಯವರೆಗೂ ಬರುತ್ತದೆ. ಪರಿಹಾರ ಸರಳ. ಆಂಪ್ಲಿಫೈಯರ್‌ನ ಬಾಯಲ್ಲೇ ಎರಡು ರೆಸಿಸ್ಟರ್‌ ಹಾಕಿ ಸಂಗೀತವನ್ನೂ ಗದ್ದಲವನ್ನೂ ಒಟ್ಟಿಗೆ ತಗ್ಗಿಸಬೇಕು. ಬೆಂಗಳೂರಿನ ಎಸ್‌.ಪಿ. ರೋಡಿನ ಬಿಡಿಭಾಗದ ಅಂಗಡಿಯಲ್ಲಿ ಅದಕ್ಕೆ ತಗಲುವ ಖರ್ಚು ಒಂದು ಕಾಫಿಗೂ ಕಡಿಮೆ, ಅದು ಕೊಡುವ ಫಲ ಚಿಪ್ಪು ಬದಲಿಸಿದಾಗಲೂ ಸಿಗುವುದಿಲ್ಲ.

ಅರ್ಥಿಂಗ್‌ ವಿಚಾರ ನಮ್ಮಲ್ಲಿ ಇನ್ನೂ ಹೆಚ್ಚು ಗಮನ ಬೇಡುತ್ತದೆ. ಕಂಪ್ಯೂಟರ್‌ ಒಂದು ಗೋಡೆಯ ಪ್ಲಗ್‌ನಲ್ಲಿ, ಆಂಪ್ಲಿಫೈಯರ್‌ಗಳು ಇನ್ನೊಂದರಲ್ಲಿ, ನಡುವೆ ಯುಎಸ್‌ಬಿ, ಆಡಿಯೋ ತಂತಿಗಳು. 50 ಹರ್ಟ್ಜ್‌ ಮತ್ತು ಅದರ ಗುಣಿತಗಳು ಗುಂಯ್‌ ಎಂದು ಕೂರಲು ಇಷ್ಟೇ ಸಾಕು. ಆಗ ಮೂರು ಪಿನ್ನಿನ ಪ್ಲಗ್‌ನ ಅರ್ಥ್‌ ಪಿನ್‌ ಕಿತ್ತು ಸದ್ದು ನಿಲ್ಲಿಸುವವರಿದ್ದಾರೆ. ಇದು ಜೀವಕ್ಕೆ ಅಪಾಯ, ಯಾವ ಸಂಗೀತಕ್ಕೂ ಈ ಬೆಲೆ ತೆರಬಾರದು. ಎಲ್ಲ ಉಪಕರಣಗಳನ್ನೂ ಸರಿಯಾದ ಅರ್ಥಿಂಗ್‌ ಇರುವ ಒಂದೇ ಸಾಕೆಟ್ಟಿನಿಂದ ನಡೆಸಿ, ಬ್ಯಾಲೆನ್ಸ್ಡ್‌ ಔಟ್‌ಪುಟ್‌ ಇರುವ ಇಂಟರ್‌ಫೇಸನ್ನು ಬ್ಯಾಲೆನ್ಸ್ಡ್‌ ಇನ್‌ಪುಟ್‌ ಇರುವ ಆಂಪ್ಲಿಫೈಯರ್‌ಗೆ ಜೋಡಿಸಿದರೆ ತೊಂದರೆಯ ಬಹುಭಾಗ ಕಳೆಯುತ್ತದೆ.

ಕರೆಂಟು ಹೋಗಿ ಬರುವ ಕ್ಷಣ ಇನ್ನೊಂದು. ಕಂಪ್ಯೂಟರ್‌ ಏಳುವಾಗ, ಇಂಟರ್‌ಫೇಸ್‌ ಚಾಲೂ ಆಗುವಾಗ 'ಧಡ್‌' ಎಂಬ ಹೊಡೆತ ಔಟ್‌ಪುಟ್‌ನಲ್ಲಿ ಬರುವುದುಂಟು. ಹಳೆಯ ಹಲಗೆಯ ಕೆಪಾಸಿಟರ್‌ ಈ ಹೊಡೆತವನ್ನು ತಡೆಯುತ್ತಿತ್ತು. ಹೊಸ ಜೋಡಣೆಯಲ್ಲಿ ಟ್ವೀಟರ್‌ ಬೆತ್ತಲೆ. ಆದ್ದರಿಂದ ಅದರ ತಂತಿಗೆ ಸರಣಿಯಲ್ಲಿ ಒಂದು ಕೆಪಾಸಿಟರ್‌ ಉಳಿಸಿಕೊಳ್ಳುವುದು ಜಾಣತನ. 8 ಓಮ್‌ ಟ್ವೀಟರ್‌ಗೆ 20 ಮೈಕ್ರೋಫ್ಯಾರಡ್‌ ಹಾಕಿದರೆ ಅದರ ಪ್ರಭಾವ ಸುಮಾರು 1,000 ಹರ್ಟ್ಜ್‌ನಿಂದ ಕೆಳಗೆ. ಕ್ರಾಸ್‌ಓವರ್‌ 2,500ರಲ್ಲಿದ್ದರೆ ಸಂಗೀತಕ್ಕೆ ಅದರಿಂದಾಗುವ ಅಲ್ಪ ಬದಲಾವಣೆಯನ್ನು ಅಳತೆಯಲ್ಲಿ ಸೇರಿಸಿಕೊಳ್ಳಬಹುದು. ಕೊನೆಗೆ ಹಚ್ಚಬೇಕಾದ್ದು, ಮೊದಲು ಆರಿಸಬೇಕಾದ್ದು ಆಂಪ್ಲಿಫೈಯರ್‌. ಈ ಕ್ರಮ ಮನೆಯ ಪ್ರತಿಯೊಬ್ಬರಿಗೂ ಗೊತ್ತಿರಬೇಕು.

ಇನ್ನು ಫಿಲ್ಟರ್‌. ಬ್ರಿಟನ್ನಿನ ಸ್ಟೀಫನ್‌ ಬಟರ್‌ವರ್ತ್‌ 1930ರಲ್ಲಿ ಬರೆದ ಪ್ರಬಂಧದಿಂದ ಬಂದ ಫಿಲ್ಟರ್‌ ಇವತ್ತಿಗೂ ಎಲ್ಲದರ ಬುನಾದಿ. ಆದರೆ ಹಂಚುವ ಜಾಗದಲ್ಲಿ ಬಟರ್‌ವರ್ತ್‌ನ ಎರಡೂ ಭಾಗಗಳು ಮೂರು ಡೆಸಿಬಲ್‌ ಮಾತ್ರ ತಗ್ಗಿರುತ್ತವೆ. ಒಂದೇ ಹೆಜ್ಜೆಯಲ್ಲಿ ಕೂಡಿದರೆ ಅಲ್ಲಿ ಮೂರು ಡೆಸಿಬಲ್‌ ಉಬ್ಬು ಏಳುತ್ತದೆ. ಹ್ಯೂಲೆಟ್‌ ಪ್ಯಾಕರ್ಡ್‌ ಕಂಪನಿಯಲ್ಲಿ ಅಳತೆ ಉಪಕರಣಗಳನ್ನು ಕಟ್ಟುತ್ತಿದ್ದ ಸಿಗ್‌ಫ್ರೀಡ್‌ ಲಿಂಕ್ವಿಟ್ಜ್‌ ಮತ್ತು ರಸ್‌ ರೈಲಿ ಇದಕ್ಕೆ ಕಂಡುಕೊಂಡ ಉತ್ತರ 1976ರಲ್ಲಿ ಆಡಿಯೋ ಎಂಜಿನಿಯರಿಂಗ್‌ ಸೊಸೈಟಿಯ ಪತ್ರಿಕೆಯಲ್ಲಿ ಲಿಂಕ್ವಿಟ್ಜ್‌ ಹೆಸರಿನಲ್ಲಿ ಅಚ್ಚಾಯಿತು. ಒಂದೇ ಬಟರ್‌ವರ್ತ್‌ ಫಿಲ್ಟರನ್ನು ಎರಡು ಸಲ ಹಾಯಿಸಿದರೆ ಹಂಚುವ ಜಾಗದಲ್ಲಿ ಪ್ರತಿ ಭಾಗವೂ ಆರು ಡೆಸಿಬಲ್‌, ಅಂದರೆ ಸರಿಯಾಗಿ ಅರ್ಧಕ್ಕೆ ತಗ್ಗುತ್ತದೆ. ಅರ್ಧಕ್ಕೆ ಅರ್ಧ ಕೂಡಿ ಪೂರ್ತಿ. ನಾಲ್ಕನೆಯ ದರ್ಜೆಯಲ್ಲಿ, ಅಂದರೆ ಆಕ್ಟೇವ್‌ಗೆ 24 ಡೆಸಿಬಲ್‌ ಇಳಿಜಾರಿನಲ್ಲಿ, ಎರಡೂ ಭಾಗಗಳು ಎಲ್ಲ ಕಂಪನಾಂಕಗಳಲ್ಲೂ ಒಂದೇ ಹೆಜ್ಜೆ ಹಾಕುತ್ತವೆ. ಐವತ್ತು ವರ್ಷ ಕಳೆದರೂ ಮೊದಲ ಆಯ್ಕೆಯಾಗಿ ಇದನ್ನು ಮೀರಿಸುವ ಫಿಲ್ಟರ್‌ ಬಂದಿಲ್ಲ.

ಬಹುಮಂದಿ ಎಡವುವುದು ಇಲ್ಲಿಯೇ. ತಂತ್ರಾಂಶದಲ್ಲಿ '2,000 ಹರ್ಟ್ಜ್‌, ಲಿಂಕ್ವಿಟ್ಜ್‌–ರೈಲಿ, 24' ಎಂದು ಆರಿಸಿ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಆ ಅಂಕಿ ವಿದ್ಯುತ್ತಿನ ಇಳಿಜಾರು, ಕಿವಿಗೆ ಬೇಕಾದ್ದು ಗಾಳಿಯ ಇಳಿಜಾರು. ಟ್ವೀಟರ್‌ ತನ್ನ ಸಹಜ ಕಂಪನಾಂಕದ ಕೆಳಗೆ ತಾನೇ ಆಕ್ಟೇವ್‌ಗೆ 12 ಡೆಸಿಬಲ್‌ನಂತೆ ಇಳಿಯುತ್ತದೆ. ಅದರ ಮೇಲೆ 24 ಹೇರಿದರೆ ಕೆಳಭಾಗದಲ್ಲಿ 36 ಆಗುತ್ತದೆ, ಹೆಜ್ಜೆ ತಪ್ಪುತ್ತದೆ. ವೂಫರ್‌ಗೂ ಅದರದೇ ಏರುತಗ್ಗುಗಳಿವೆ. ಫಿಲ್ಟರ್‌ ಮತ್ತು ಸ್ಪೀಕರ್‌ ಎರಡೂ ಕೂಡಿ ಲಿಂಕ್ವಿಟ್ಜ್‌–ರೈಲಿಯ ಗೆರೆಯ ಮೇಲೆ ಬಂದು ಕೂರಬೇಕು. ಜೊತೆಗೆ ವೂಫರ್‌ನ ಸದ್ದು ಹುಟ್ಟುವ ಜಾಗ ಟ್ವೀಟರ್‌ಗಿಂತ ಎರಡು ಮೂರು ಸೆಂಟಿಮೀಟರ್‌ ಹಿಂದಿರುತ್ತದೆ. ಮೂರು ಸೆಂಟಿಮೀಟರ್‌ ಎಂದರೆ 87 ಮೈಕ್ರೋಸೆಕೆಂಡು, 2,000 ಹರ್ಟ್ಜ್‌ನಲ್ಲಿ 63 ಡಿಗ್ರಿ. ಇಷ್ಟು ಹಿಂದೆ ಬಿದ್ದರೆ ಸ್ಪೀಕರ್‌ನಿಂದ ಹೊರಟ ಸದ್ದಿನ ದಿಕ್ಕೇ ಕೆಳಕ್ಕೆ ವಾಲುತ್ತದೆ. 48 ಕಿಲೋಹರ್ಟ್ಜ್‌ನಲ್ಲಿ ಟ್ವೀಟರನ್ನು ನಾಲ್ಕು ಮಾದರಿಗಳಷ್ಟು ತಡಮಾಡಿದರೆ ಅದು ಸರಿಹೋಗುತ್ತದೆ. ತಂತ್ರಾಂಶದಲ್ಲಿ ಒಂದು ಸಾಲು. ಮರದ ಕೆಲಸದಲ್ಲಾದರೆ ಇಡೀ ಮುಂಭಾಗವನ್ನು ಓರೆಯಾಗಿ ಕಟ್ಟಬೇಕಿತ್ತು.

ಇದೆಲ್ಲ ಅಳೆಯದೆ ತಿಳಿಯುವುದಿಲ್ಲ. ಅದಕ್ಕೇ ಮೊದಲ ಖರೀದಿ ಇಂಟರ್‌ಫೇಸ್‌ ಅಲ್ಲ, ಅಳತೆಯ ಮೈಕ್‌ ಆಗಬೇಕು. ಜಾನ್‌ ಮಲ್ಕೇಹಿ ಬರೆದ ರೂಮ್‌ ಇಕ್ಯೂ ವಿಜರ್ಡ್‌ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ವೃತ್ತಿಪರರೂ ಬಳಸುತ್ತಾರೆ. ಯುಎಸ್‌ಬಿ ಮೈಕ್‌ ಸುಲಭವೇನೋ ಹೌದು, ಆದರೆ ಅದರೊಳಗೂ ಒಂದು ಪ್ರತ್ಯೇಕ ಗಡಿಯಾರ ಇರುವುದರಿಂದ ವೂಫರ್‌ ಟ್ವೀಟರ್‌ಗಳ ನಡುವಿನ ಕಾಲವನ್ನು ಅಳೆಯಲು ಸುತ್ತುದಾರಿ ಹಿಡಿಯಬೇಕು. 48 ವೋಲ್ಟ್‌ ಫ್ಯಾಂಟಮ್‌ ಪವರ್‌ ಬೇಡುವ ಸಾದಾ ಅಳತೆ ಮೈಕನ್ನು ಇಂಟರ್‌ಫೇಸ್‌ಗೇ ಚುಚ್ಚಿ, ಒಂದು ಔಟ್‌ಪುಟ್ಟನ್ನು ತಂತಿಯಿಂದ ಇನ್ನೊಂದು ಇನ್‌ಪುಟ್‌ಗೆ ವಾಪಸು ತಂದರೆ ಕಾಲದ ಲೆಕ್ಕ ಮಾದರಿಯ ಮಟ್ಟಕ್ಕೆ ನಿಖರವಾಗಿ ಸಿಗುತ್ತದೆ. ಮೈಕ್‌ ಇನ್‌ಪುಟ್‌ ಇರುವ ಇಂಟರ್‌ಫೇಸ್‌ಗೆ ಮಣೆ ಹಾಕಬೇಕಾದ್ದು ಈ ಕಾರಣಕ್ಕೆ.

ಎಫ್‌ಐಆರ್‌ ಫಿಲ್ಟರ್‌ಗಳ ಮೋಹ ಬೇರೆಯದೇ ಕಥೆ. ಸದ್ದಿನ ಮಾದರಿಗಳನ್ನು ಸಾಲು ಗುಣಕಗಳಿಂದ ಗುಣಿಸಿ ಕೂಡಿಸುವ ಇವು ಫೇಸ್‌, ಅಂದರೆ ಕಂಪನದ ಹೆಜ್ಜೆ, ಬದಲಿಸದೆ ಹಂಚಬಲ್ಲವು, ಬೇಕಾದ ಆಕಾರ ಕೊಡಬಲ್ಲವು. 65,536 ಟ್ಯಾಪ್‌ಗಳ ಒಂದು ಫಿಲ್ಟರನ್ನು ನೇರವಾಗಿ ಗುಣಿಸಿ ಕೂಡಿಸಿದರೆ 48 ಕಿಲೋಹರ್ಟ್ಜ್‌ನಲ್ಲಿ ಸೆಕೆಂಡಿಗೆ 314 ಕೋಟಿ ಗುಣಾಕಾರ ಬೇಕು. 1965ರಲ್ಲಿ ಕೂಲಿ ಮತ್ತು ಟ್ಯೂಕಿ ಪ್ರಕಟಿಸಿದ ಎಫ್‌ಎಫ್‌ಟಿ ವಿಧಾನದಿಂದ ಆ ಲೆಕ್ಕ ನೂರಾರು ಪಟ್ಟು ತಗ್ಗುತ್ತದೆ, ರಾಸ್‌ಬೆರಿ ಪೈನಂತಹ ಪುಟ್ಟ ಕಂಪ್ಯೂಟರ್‌ ಕೂಡ ನಿರಾಯಾಸವಾಗಿ ಮಾಡುತ್ತದೆ. ಅಡ್ಡಿ ಬರುವುದು ಕಾಲ. ಎರಡೂ ಬದಿ ಸಮನಾದ 65,536 ಟ್ಯಾಪ್‌ಗಳೆಂದರೆ 0.68 ಸೆಕೆಂಡಿನ ತಡ. ಸದ್ದು ಚಿತ್ರಕ್ಕಿಂತ 125 ಮಿಲಿಸೆಕೆಂಡು ಹಿಂದೆ ಬಿದ್ದರೆ ನೋಡುಗರಿಗೆ ಗೊತ್ತಾಗುತ್ತದೆ ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಬಿಟಿ.1359 ಶಿಫಾರಸು ಹೇಳುತ್ತದೆ. ಟಿವಿಯಲ್ಲಿ ಯಕ್ಷಗಾನ ನೋಡುವಾಗ ಚೆಂಡೆಯ ಪೆಟ್ಟು ಕೋಲು ಎದ್ದಮೇಲೆ ಕೇಳಿದರೆ ಯಾರು ಕೂತು ನೋಡುತ್ತಾರೆ?

ಈ ತಡ ತೆತ್ತು ಪಡೆಯುವುದೇನು ಎಂದು ಕೇಳಿಕೊಳ್ಳಬೇಕು. 2,000 ಹರ್ಟ್ಜ್‌ನ ಸಾದಾ ಲಿಂಕ್ವಿಟ್ಜ್‌–ರೈಲಿ ಕ್ರಾಸ್‌ಓವರ್‌ ಮಾಡುವ ಕಾಲದ ವ್ಯತ್ಯಾಸ ಕಾಲು ಮಿಲಿಸೆಕೆಂಡಿನ ಆಸುಪಾಸು. ಬ್ಲಾವರ್ಟ್‌ ಮತ್ತು ಲಾಸ್‌ 1978ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಅದೇ ಕಂಪನಾಂಕಕ್ಕೆ ಕಿವಿ ಗುರುತಿಸಿದ ಕನಿಷ್ಠ ಮಿತಿ ಒಂದು ಮಿಲಿಸೆಕೆಂಡು. ಅಂದರೆ ಎಫ್‌ಐಆರ್‌ ಸರಿಪಡಿಸುವ 'ದೋಷ' ಆ ಜಾಗದಲ್ಲಿ ಕೇಳಿಸುವ ಮಿತಿಗಿಂತ ಬಹಳ ಕೆಳಗಿದೆ. 80 ಹರ್ಟ್ಜ್‌ನಲ್ಲಿ ಸಬ್‌ವೂಫರ್‌ಗೆ ಹಂಚಿದಾಗ ವ್ಯತ್ಯಾಸ 5.6 ಮಿಲಿಸೆಕೆಂಡಿಗೆ ಬೆಳೆಯುತ್ತದೆ, ನಿಜ. ಆದರೆ ಅಷ್ಟು ತಗ್ಗಿನಲ್ಲಿ ತಿದ್ದಲು ಉದ್ದದ ಫಿಲ್ಟರ್‌ ಬೇಕು, ತಡ ಹೆಚ್ಚು, ಅಳತೆ ಸ್ವಲ್ಪ ತಪ್ಪಿದರೂ ಪೆಟ್ಟು ಬೀಳುವ ಮೊದಲೇ ಅದರ ಮುನ್ಸದ್ದು ಕೇಳುವ ಸಾಧ್ಯತೆ ಇದೆ. ಸಂಗೀತವನ್ನಷ್ಟೇ ಕೇಳುವ, ತಡದ ಚಿಂತೆ ಇಲ್ಲದ ಕೋಣೆಯಲ್ಲಿ, ಚೆನ್ನಾಗಿ ಅಳೆಯಲು ಕಲಿತವರು ರೀಫೇಸ್‌ ತಂತ್ರಾಂಶದಲ್ಲಿ ಎಫ್‌ಐಆರ್‌ ತಯಾರಿಸಿ ಬಳಸಲಿ, ಅದು ಅವರ ಹಕ್ಕು. ಹೊಸಬರು ಅಲ್ಲಿಂದ ಶುರುಮಾಡುವುದು ತಪ್ಪು.

ಕಿವಿಯಿಂದ ಪರೀಕ್ಷಿಸಲು ವಿದೇಶಿ ಪರೀಕ್ಷಾ ಧ್ವನಿಮುದ್ರಿಕೆಗಳನ್ನು ಹುಡುಕಬೇಕಿಲ್ಲ. ತಂಬೂರಿ ಸಾಕು. ಸಿ.ವಿ. ರಾಮನ್‌ ಕಲ್ಕತ್ತೆಯಲ್ಲಿದ್ದಾಗ 1921ರಲ್ಲಿ ಭಾರತೀಯ ತಂತಿವಾದ್ಯಗಳ ಬಗ್ಗೆ ಬರೆಯುತ್ತ, ತಂಬೂರಿಯ ಅಗಲವಾದ ಸೇತುವೆ ಮತ್ತು ಅದರ ಮೇಲಿನ ಜೀವಾಳದ ಎಳೆಯಿಂದಾಗಿ ತಂತಿಯನ್ನು ಎಲ್ಲಿ ಮೀಟಿದರೂ ಉಪಸ್ವರಗಳೆಲ್ಲ ತುಂಬಿ ಕೇಳುತ್ತವೆ ಎಂದು ತೋರಿಸಿದರು. ಷಡ್ಜ 130 ಹರ್ಟ್ಜ್‌ನ ಸುಮಾರಿಗೆ ಇದ್ದರೆ 15ನೆಯ ಉಪಸ್ವರ 2,000ದ ಹತ್ತಿರ ಬರುತ್ತದೆ. ವೂಫರ್‌ನಲ್ಲಿ ಹುಟ್ಟಿದ ಶ್ರುತಿ ಟ್ವೀಟರ್‌ವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಕ್ರಾಸ್‌ಓವರ್‌ ತಪ್ಪಿದ್ದರೆ ನಡುವಿನ ಒಂದೆರಡು ಮೆಟ್ಟಿಲು ಕಾಣೆಯಾಗುತ್ತವೆ, ತಂಬೂರಿಯ ಝೇಂಕಾರ ಒಂದು ಕಡೆ, ಅದರ ಒಡಲು ಇನ್ನೊಂದು ಕಡೆ ಇದ್ದಂತೆ ಕೇಳುತ್ತದೆ. ಕೂತಲ್ಲಿಂದ ತಲೆಯನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿದಾಗ ನಾದದ ಬಣ್ಣ ಥಟ್ಟನೆ ಬದಲಾದರೆ ಫೇಸ್‌ ಕೂಡಿಲ್ಲ ಎಂದೇ ಅರ್ಥ.

ತಂತ್ರಾಂಶದ ಆಯ್ಕೆ ಕಂಪ್ಯೂಟರ್‌ ಯಾವುದು ಎಂಬುದರ ಮೇಲೆ ನಿಂತಿದೆ. ವಿಂಡೋಸ್‌ನಲ್ಲಿ ಈಕ್ವಲೈಜರ್‌ ಎಪಿಒ ಹಗುರ, ಉಚಿತ, ಆದರೆ ವಿಂಡೋಸ್‌ನ ಮಿಕ್ಸರ್‌ ತಪ್ಪಿಸಿ ಎಎಸ್‌ಐಒ ದಾರಿಯಲ್ಲಿ ಹೋಗುವ ಸದ್ದನ್ನು ಅದು ಮುಟ್ಟಲಾರದು. ಸಂದೇಶ ಬಂದಾಗಿನ 'ಟಿಣ್‌' ಸದ್ದೂ ಪೂರ್ತಿ ಶಕ್ತಿಯಲ್ಲಿ ಟ್ವೀಟರ್‌ಗೆ ಹೋಗುವ ಯಂತ್ರದಲ್ಲಿ ಕ್ರಾಸ್‌ಓವರ್‌ ಇಡುವವರು ಆ ಸದ್ದುಗಳನ್ನೆಲ್ಲ ಮೊದಲು ನಿಲ್ಲಿಸಬೇಕು. ಹೆನ್ರಿಕ್‌ ಎನ್‌ಕ್ವಿಸ್ಟ್‌ ರಸ್ಟ್‌ ಭಾಷೆಯಲ್ಲಿ ಬರೆದ ಕ್ಯಾಮಿಲ್ಲಾಡಿಎಸ್‌ಪಿ ಲಿನಕ್ಸ್‌, ಮ್ಯಾಕ್‌, ವಿಂಡೋಸ್‌ ಮೂರರಲ್ಲೂ ನಡೆಯುತ್ತದೆ. ಅದರ ಇಡೀ ಕ್ರಾಸ್‌ಓವರ್‌ ಒಂದು ಪಠ್ಯ ಕಡತ: ಒಳಬರುವ ಎರಡು ಚಾನೆಲ್‌ಗಳನ್ನು ಮಿಕ್ಸರ್‌ ನಾಲ್ಕಾಗಿ ನಕಲಿಸುತ್ತದೆ, ಪ್ರತಿಯೊಂದಕ್ಕೂ ಫಿಲ್ಟರ್‌, ತಡ, ಮಟ್ಟ, ಮಿತಿ ಯಾವ ಕ್ರಮದಲ್ಲಿ ಎಂದು ಸಾಲಾಗಿ ಬರೆದಿರುತ್ತದೆ. ಓದಿದವರಿಗೆ ಸದ್ದಿನ ದಾರಿ ಕಣ್ಣಿಗೆ ಕಟ್ಟುತ್ತದೆ, ಒಂದು ಪ್ರತಿ ಎತ್ತಿಟ್ಟರೆ ನಾಳೆ ಯಂತ್ರ ಕೆಟ್ಟರೂ ಶ್ರಮ ಉಳಿಯುತ್ತದೆ. ಸಂಗೀತಕ್ಕೆಂದೇ ಮೀಸಲಾದ ಒಂದು ಪುಟ್ಟ ಲಿನಕ್ಸ್‌ ಯಂತ್ರದಲ್ಲಿ ಇದನ್ನು ಕೂರಿಸುವುದೇ ಇವತ್ತಿನ ಮಟ್ಟಿಗೆ ಅತ್ಯುತ್ತಮ ದಾರಿ.

ಲಿನಕ್ಸ್‌ ದಾರಿ ಹಿಡಿದವರು ಯುಎಸ್‌ಬಿ ಆಡಿಯೋ ಕ್ಲಾಸ್‌ 2 ನಿಯಮಕ್ಕೆ ಒಪ್ಪುವ ಇಂಟರ್‌ಫೇಸನ್ನೇ ಕೊಳ್ಳಬೇಕು. ತಯಾರಕರು ಡ್ರೈವರ್‌ ತಂತ್ರಾಂಶ ನಿಲ್ಲಿಸಿದರೂ ಅದು ನಡೆಯುತ್ತದೆ. ಫೈರ್‌ವೈರ್‌ ಜೋಡಣೆಯ ಒಳ್ಳೊಳ್ಳೆ ಇಂಟರ್‌ಫೇಸ್‌ಗಳು ಸೆಕೆಂಡ್‌ಹ್ಯಾಂಡ್‌ ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಬಿದ್ದಿವೆ. ಆದರೆ ಆಪಲ್‌ ಲ್ಯಾಪ್‌ಟಾಪ್‌ಗಳಲ್ಲಿ ಆ ಪೋರ್ಟ್‌ ಕೊನೆಯ ಬಾರಿ ಬಂದದ್ದು 2012ರ ಮಾದರಿಗಳಲ್ಲಿ. ಅಗ್ಗ ಎಂದು ತಂದು ಹಳೆಯ ಕಂಪ್ಯೂಟರನ್ನೇ ಕಾಪಾಡಿಕೊಂಡು ಕೂರುವುದು ಯಾರಿಗೂ ಬೇಡ.

ಇಷ್ಟೆಲ್ಲ ತಾಪತ್ರಯ ಏಕೆ, ಕ್ರಾಸ್‌ಓವರ್‌ ಲೆಕ್ಕವನ್ನು ತಾನೇ ಮಾಡುವ ಮಿನಿಡಿಎಸ್‌ಪಿಯಂತಹ ಸಿದ್ಧ ಪೆಟ್ಟಿಗೆ ತಂದರೆ ಆಗದೇ ಎಂಬ ಪ್ರಶ್ನೆ ನ್ಯಾಯವಾದದ್ದು. ಎರಡು ಭಾಗದ ಸ್ಪೀಕರ್‌ ಕಟ್ಟಿ, ಒಮ್ಮೆ ಹೊಂದಿಸಿ, ಮನೆಯವರೆಲ್ಲ ಗುಂಡಿ ಒತ್ತಿ ಕೇಳುವಂತಿರಬೇಕು ಎನ್ನುವವರಿಗೆ ನಾಲ್ಕು ಔಟ್‌ಪುಟ್‌ನ ಅಂತಹ ಪೆಟ್ಟಿಗೆಯೇ ಸರಿ. ಅದು ಕಂಪ್ಯೂಟರ್‌ನಂತೆ ಎದ್ದು ಬರಲು ಕಾಯಿಸುವುದಿಲ್ಲ. ಆರು, ಎಂಟು ಔಟ್‌ಪುಟ್‌ ಬೇಕಾದಾಗ, ಫಿಲ್ಟರ್‌ಗಳನ್ನು ಕಲಿಯುತ್ತ ಬದಲಿಸುತ್ತ ಹೋಗಬೇಕೆಂದಾಗ ಕಂಪ್ಯೂಟರ್‌ ಮುಂದಾಗುತ್ತದೆ.

ಕಲಿಕೆಯ ಮಾತು ಬಂದಾಗ ಕರ್ನಾಟಕದ ಎಂಜಿನಿಯರಿಂಗ್‌ ಕಾಲೇಜುಗಳನ್ನು ನೆನೆಯದೆ ಇರಲಾಗದು. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಎಲೆಕ್ಟ್ರಾನಿಕ್ಸ್‌ ವಿದ್ಯಾರ್ಥಿಗಳು ಡಿಎಸ್‌ಪಿ (ಡಿಜಿಟಲ್‌ ಸಿಗ್ನಲ್‌ ಪ್ರಾಸೆಸಿಂಗ್‌) ಪ್ರಯೋಗಾಲಯದಲ್ಲಿ ಬಟರ್‌ವರ್ತ್‌ ಫಿಲ್ಟರನ್ನೂ ಎಫ್‌ಐಆರ್‌ ಫಿಲ್ಟರನ್ನೂ ಬರೆಯುತ್ತಾರೆ. ಪರದೆಯ ಮೇಲೆ ಗೆರೆ ಮೂಡುತ್ತದೆ, ಅದು ರೆಕಾರ್ಡ್‌ ಪುಸ್ತಕಕ್ಕೆ ಹೋಗುತ್ತದೆ, ಅಲ್ಲಿಗೆ ಮುಗಿಯಿತು. ಆ ಫಿಲ್ಟರ್‌ ಸದ್ದಾಗಿ ಹೇಗೆ ಕೇಳುತ್ತದೆ ಎಂಬುದನ್ನು ಕೇಳದೆಯೇ ಪದವಿ ಪಡೆಯುವವರೇ ಹೆಚ್ಚು. ಒಂದು ರಾಸ್‌ಬೆರಿ ಪೈ, ನಾಲ್ಕು ಔಟ್‌ಪುಟ್‌ನ ಒಂದು ಇಂಟರ್‌ಫೇಸ್‌, ಒಂದು ಅಳತೆ ಮೈಕ್‌, ಯಾರಾದರೂ ದಾನ ಕೊಟ್ಟ ಹಳೆಯ ಆಂಪ್ಲಿಫೈಯರ್‌ಗಳು, ಒಳಗಿನ ಹಲಗೆ ತೆಗೆದ ಒಂದು ಜೋಡಿ ಸ್ಪೀಕರ್‌ ಇದ್ದರೆ ಪ್ರಯೋಗಾಲಯ ಸಿದ್ಧ. ಮೊದಲ ಪ್ರಯೋಗಕ್ಕೆ ಎರಡು ಗಂಟೆ ಸಾಕು: ವೂಫರ್‌ ಟ್ವೀಟರ್‌ಗಳನ್ನು ಬೇರೆಬೇರೆಯಾಗಿ ಅಳೆಯಬೇಕು, 24 ಡೆಸಿಬಲ್‌ನ ಇಳಿಜಾರಿಗೆ ತರಬೇಕು, ಆಮೇಲೆ ಟ್ವೀಟರ್‌ನ ಧ್ರುವ ತಿರುಗಿಸಿ ಒಟ್ಟಿಗೆ ಅಳೆಯಬೇಕು. ಕಾಲ ಸರಿಯಾಗಿ ಕೂಡಿದ್ದರೆ ಹಂಚುವ ಜಾಗದಲ್ಲಿ ಗೆರೆ ಆಳವಾದ ಗುಂಡಿಯಂತೆ ಕುಸಿಯುತ್ತದೆ. ಗುಂಡಿ ಆಳವಿಲ್ಲದೆ ಓರೆಯಾಗಿದ್ದರೆ ಟ್ವೀಟರ್‌ನ ತಡವನ್ನು ಒಂದೊಂದೇ ಮಾದರಿ ಏರಿಸಿ ಇಳಿಸಿ ಮತ್ತೆ ಅಳೆಯಬೇಕು. ಗುಂಡಿ ಅತ್ಯಂತ ಆಳವಾದ ಅಂಕಿಯನ್ನು ಬರೆದಿಟ್ಟುಕೊಂಡು ಧ್ರುವವನ್ನು ಮೊದಲಿನಂತೆ ತಿರುಗಿಸಿದರೆ, ಅದೇ ಜಾಗದಲ್ಲಿ ಗೆರೆ ಸಮತಟ್ಟಾಗುತ್ತದೆ.